ಒಂದೇ ಹುಂಜದ ರಕ್ತ

ಜಮಖಂಡಿ ತಾಲ್ಲೂಕಿನ ನಮ್ಮ ತೋಟದಲ್ಲಿ ಸಾಕಿದ ಜವಾರಿ ಕೋಳಿಗಳಲ್ಲಿ ಒಂದು ಕೆಂಪು ಹುಂಜ ನನಗೆ ಬಹಳ ಮೆಚ್ಚುಗೆಯಾಗಿತ್ತು. ಅದರ ಮೈಕಟ್ಟು ಮರಿಗಳಲ್ಲಿಯೂ ಉಳಿಯಲೆಂದು ಅದನ್ನು ಅದರ ಮಗಳೊಂದಿಗೆ ಕೂಡಿಸಿದೆ. ಹಾಗೆ ಹುಟ್ಟಿದ ಹೇಂಟೆಗಳು ತತ್ತಿಗೆ ಬಂದಾಗ ಅವುಗಳಿಗೂ ಅದೇ ಹುಂಜವನ್ನು ಬಿಟ್ಟೆ. ಇದನ್ನು ಲೈನ್ ಬ್ರೀಡಿಂಗ್, ಅಂದರೆ ಒಬ್ಬ ಉತ್ತಮ ಪೂರ್ವಜನ ಗುಣವನ್ನು ಉಳಿಸಿಕೊಳ್ಳುವ ತಳಿ ಪದ್ಧತಿ, ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಮೊದಲು 12 ತತ್ತಿಗಳನ್ನು ಕಾವಿಗೆ ಇಟ್ಟರೆ 10 ಮರಿಗಳು ಏಳುತ್ತಿದ್ದವು. ಆ ಸಂಖ್ಯೆ 5ಕ್ಕೆ ಇಳಿಯಿತು, ಎದ್ದ ಮರಿಗಳಲ್ಲಿ ಒಂದೆರಡರ ಕೊಕ್ಕು ಸೊಟ್ಟಗಿತ್ತು. ಹುಂಜಕ್ಕೆ ವಯಸ್ಸಾಯಿತೆಂದು ನಾನು ಭಾವಿಸಿದೆ. ಅವ್ವ ಮಾತ್ರ, "ವಯಸ್ಸಲ್ಲೋ ತಮ್ಮಾ, ರಕ್ತ ಬದಲಾಗಬೇಕು" ಎಂದಳು. ಕಾವಿಗೆ ಇಟ್ಟ ಏಳನೆಯ ದಿನ ರಾತ್ರಿ ಬ್ಯಾಟರಿಯ ಬೆಳಕಿಗೆ ತತ್ತಿಗಳನ್ನು ಹಿಡಿದು ನೋಡಿದಾಗ ಅವಳ ಮಾತು ಸರಿಯೆಂದು ತೋರಿತು. ಹುಂಜದ ಶಕ್ತಿ ಕುಂದಿದ್ದರೆ ಹೆಚ್ಚಿನ ತತ್ತಿಗಳು ಒಳಗೆ ಏನೂ ಬೆಳೆಯದೆ ತಿಳಿಯಾಗಿ ಕಾಣಬೇಕಿತ್ತು. ಆದರೆ ಹಲವು ತತ್ತಿಗಳಲ್ಲಿ ರಕ್ತದ ಉಂಗುರವಿತ್ತು, ಅಂದರೆ ಬೀಜ ಕಟ್ಟಿ, ಭ್ರೂಣ ಕೆಲವು ದಿನ ಬೆಳೆದು ಸತ್ತಿತ್ತು. ತಂದೆತಾಯಿಗಳಲ್ಲಿ ಅಡಗಿರುವ ಕೆಟ್ಟ ವಂಶವಾಹಿಗಳು (ಜೀನ್‌ಗಳು) ಒಂದೇ ಮೂಲದಿಂದ ಎರಡೂ ಕಡೆ ಬಂದು ಸೇರಿದಾಗ ಆಗುವ ನಷ್ಟಕ್ಕೆ ಇದು ಹೊಂದುತ್ತದೆ.

ಲೆಕ್ಕ ಹಾಕಿದಾಗ ನನ್ನ ತಪ್ಪು ಎಷ್ಟು ದೊಡ್ಡದೆಂದು ತಿಳಿಯಿತು. ಒಳಸಂಬಂಧದ ಪ್ರಮಾಣವೆಂದರೆ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಾಧ್ಯತೆ. ತಂದೆ ಮತ್ತು ಮಗಳ ಕೂಡಿಕೆಯ ಮರಿಯಲ್ಲಿ ಅದು ಶೇ. 25, ಆ ಮರಿಯನ್ನೇ ಮತ್ತೆ ಅದೇ ತಂದೆಗೆ ಕೂಡಿಸಿದರೆ ಶೇ. 37.5. ಅದರ ಬದಲು, ಮಗಳನ್ನು ಸಂಬಂಧವಿಲ್ಲದ ಹುಂಜಕ್ಕೆ ಕೂಡಿಸಿ, ಅದರಿಂದ ಹುಟ್ಟಿದ ಮೊಮ್ಮಗಳನ್ನು ಅಜ್ಜನಿಗೆ ಕೊಟ್ಟಿದ್ದರೆ ಅದು ಶೇ. 12.5ಕ್ಕೆ ನಿಲ್ಲುತ್ತಿತ್ತು. ನಮ್ಮ ಭಾಗದಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿಯಲ್ಲಿ ಹುಟ್ಟುವ ಮಕ್ಕಳದೂ ಇದೇ ಪ್ರಮಾಣ. ಲೈನ್ ಬ್ರೀಡಿಂಗ್ ಕೂಡ ಒಳಸಂಬಂಧವೇ. ಒಬ್ಬ ಉತ್ತಮ ಪೂರ್ವಜನ ಪಾಲನ್ನು ಉಳಿಸಿಕೊಂಡು, ಉಳಿದ ರಕ್ತವನ್ನು ಬೇರೆಬೇರೆ ಕಡೆಯಿಂದ ತಂದು, ದುರ್ಬಲ ಮರಿಗಳನ್ನು ಕರುಣೆಯಿಲ್ಲದೆ ತಳಿಯಿಂದ ಹೊರಗಿಡುವ ಶಿಸ್ತು ಅದರಲ್ಲಿರಬೇಕು. ದಾಖಲೆಯಿಲ್ಲದೆ ಅದು ಸಾಧ್ಯವೇ ಇಲ್ಲ.

ಹೇಂಟೆಗಳು ಹೆಚ್ಚಿದ್ದರೆ ಸಾಕೆಂಬ ನಂಬಿಕೆಯೂ ನನ್ನಲ್ಲಿತ್ತು. ಹೊರಗಿನ ಕೋಳಿ ಬಾರದ ಹಿಂಡಿನಲ್ಲಿ ಒಂದೇ ಹುಂಜವಿದ್ದರೆ, 10 ಹೇಂಟೆಗಳಿರಲಿ 100 ಇರಲಿ, ತಲೆಮಾರಿಗೆ ಶೇ. 12.5ಕ್ಕಿಂತ ಹೆಚ್ಚು ಒಳಸಂಬಂಧ ಸೇರುತ್ತದೆ. 4 ಹುಂಜ ಮತ್ತು 20 ಹೇಂಟೆಗಳಿದ್ದರೆ ಅದು ಶೇ. 3.75ರಷ್ಟು.

ಈಗ ಮೂರು ಗೂಡುಗಳನ್ನು ಮಾಡಿದ್ದೇನೆ. ಹೆಣ್ಣು ಮರಿಗಳು ತಾಯಿಯ ಗೂಡಿನಲ್ಲೇ ಉಳಿಯುತ್ತವೆ, ಆಯ್ದ ಗಂಡು ಮರಿಗಳು ಮುಂದಿನ ಗೂಡಿಗೆ ಹೋಗುತ್ತವೆ. ಕಾಲಿಗೆ ಗೂಡಿನ ಬಣ್ಣದ ಉಂಗುರ ಹಾಕುತ್ತೇನೆ. ಪಕ್ಕದ ಊರಿನ ರೈತರೊಬ್ಬರಿಂದ ತಂದ ಹೊಸ ಹುಂಜವನ್ನು ರೋಗದ ಭಯದಿಂದ ಮೊದಲು ಬೇರೆಯಾಗಿ ಕಟ್ಟಿದ್ದೆ. ಹಿಂದಿನ ಹುಂಜದ ವೀರ್ಯ ಹೇಂಟೆಯ ಒಡಲಲ್ಲಿ ಎರಡು ಮೂರು ವಾರ ಉಳಿಯುವುದರಿಂದ, ಹೊಸ ಹುಂಜವನ್ನು ಗೂಡಿಗೆ ಬಿಟ್ಟ ಮೇಲೆ ಮೂರು ವಾರದ ತತ್ತಿಗಳನ್ನು ಮನೆಯ ಅಡುಗೆಗೇ ಬಳಸಿದೆವು. ನಾಲ್ಕನೆಯ ವಾರದ 12 ತತ್ತಿಗಳು ಈಗ ಕಾವಿನಲ್ಲಿವೆ.