ದೊಡ್ಡಪ್ಪ ಹೇಳಿದ ತೋಳದ ಲೆಕ್ಕ

ಮೇಲುಕೋಟೆಗೆ ಹೋದರೆ ಚೆಲುವನಾರಾಯಣನ ದರ್ಶನ, ಆಮೇಲೆ ಪುಳಿಯೋಗರೆ, ಕಲ್ಯಾಣಿ ಮುಂದೆ ಒಂದು ಫೋಟೊ. ನಮ್ಮದೂ ಪ್ರತಿ ಸಲ ಇಷ್ಟೇ. ಕಳೆದ ತಿಂಗಳು ಮಾತ್ರ ಬೆಟ್ಟ ಹತ್ತದೆ ತಪ್ಪಲಿನ ಊರಲ್ಲೇ ಉಳಿದೆವು. ಗೆಳೆಯನ ದೊಡ್ಡಪ್ಪ ಅಲ್ಲಿ ಕುರಿ ಸಾಕುತ್ತಾರೆ. ನನಗೋ ಕೆಲವು ಕಾಲದಿಂದ ತೋಳದ ಹುಚ್ಚು. ಸಿಕ್ಕಿದ್ದೆಲ್ಲ ಓದುತ್ತಿದ್ದೆ. ಕಣ್ಣಾರೆ ಕಂಡವರ ಮಾತು ಕೇಳಬೇಕಿತ್ತು.

ಮೇಲುಕೋಟೆ ಸುತ್ತಲ ಕುರುಚಲು ಕಾಡನ್ನು 1974ರಲ್ಲಿ ವನ್ಯಧಾಮ ಮಾಡಿದ್ದೇ ಮುಖ್ಯವಾಗಿ ತೋಳಕ್ಕಾಗಿ. ಹುಲಿಗೆ, ಆನೆಗೆ ಕಾಡು ಬಿಡೋದು ಮಾಮೂಲು. ಕುರಿ ಹೊತ್ತೊಯ್ಯುವ ಪ್ರಾಣಿಗೆ ಬಿಟ್ಟಿದ್ದು ದೊಡ್ಡ ಮಾತೇ ಅಲ್ವಾ?

"ತ್ವಾಳ ಈಗೆಲ್ಲಿ? ಈಗೇನಿದ್ರೂ ಚಿರತೆ ಕಾಟ ಕಣಪ್ಪ" ಅಂದರು ದೊಡ್ಡಪ್ಪ. ಹುಣಸೆ ಮರದ ಕೆಳಗೆ ಕಂಬಳಿ ಹಾಸಿ ಕೂತಿದ್ದರು. ತಮ್ಮ ಹರೆಯದ ಕಾಲದ ಮಾತು ಎತ್ತಿದ ಮೇಲೆ ನಿಲ್ಲಿಸಲೇ ಇಲ್ಲ.

"ಬಂದೇಟ್ಗೆ ಮೇಲೆ ಬೀಳಕಿಲ್ಲ ಅದು. ದೂರ ನಿಂತ್ಕಂಡು ನೋಡ್ತದೆ. ಕುಂಟೋದು ಯಾವ್ದು, ಹಿಂದೆ ಉಳಿಯೋದು ಯಾವ್ದು ಅಂತ. ಒಂದು ಈ ಕಡೆ ಕಾಣಿಸ್ಕತದೆ, ನಾಯಿಗಳು ಅದ್ರ ಹಿಂದೆ ಓಡ್ತವೆ. ಅಷ್ಟೊತ್ಗೆ ಇನ್ನೊಂದು ಆ ಕಡೆಯಿಂದ ಮರಿ ಎತ್ಕಂಡು ಹೋಗಿರ್ತದೆ."

ನಾನು ಓದಿದ ಲೆಕ್ಕ ಹೇಳಿದೆ. ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಐಲ್ ರಾಯಲ್ ಅಂತ ಒಂದು ದ್ವೀಪ. ಅಲ್ಲಿ 1960ರ ಆಸುಪಾಸಿನ ಚಳಿಗಾಲಗಳಲ್ಲಿ ಡೇವಿಡ್ ಮೀಚ್ ಅನ್ನುವವರು ಸಣ್ಣ ವಿಮಾನದಲ್ಲಿ ಕೂತು ತೋಳಗಳ ಬೇಟೆ ನೋಡಿದರು. ಅಲ್ಲಿನ ಬೇಟೆ ಅಂದರೆ ಮೂಸ್, ಕುದುರೆಗಿಂತ ಎತ್ತರದ ಜಿಂಕೆ ಜಾತಿ. ತೋಳಗಳು 77 ಮೂಸ್‌ಗಳನ್ನು ಕೆಣಕಿ ನೋಡಿದವು. ಕೊಂದಿದ್ದು 6. ತಿರುಗಿ ನಿಂತ ಮೂಸ್‌ನ ಒಂದು ಒದೆತಕ್ಕೆ ಪಕ್ಕೆಲುಬು ಮುರಿಯುತ್ತದೆ. ಹಾಗಾಗಿ ಗಟ್ಟಿಯಾಗಿ ನಿಂತದ್ದನ್ನು ತೋಳ ಸುಮ್ನೆ ಬಿಟ್ಟು ಹೋಗುತ್ತದೆ. ಮುದಿಯದು, ರೋಗದ್ದು, ಎಳೆಯದು ಸಿಕ್ಕರೆ ಮಾತ್ರ ಹಟ.

ನಾನು ಬೆರಗಾಗಲಿ ಅಂತ ಹೇಳಿದ್ದು. ದೊಡ್ಡಪ್ಪನಿಗೆ ಏನೂ ಅನ್ನಿಸಲಿಲ್ಲ. "ಹಂಗೇ ಮತ್ತೆ. ಎದುರು ನಿಂತ ಟಗರಿನ ತಂಟೆಗೆ ಅದು ಹೋಗಕಿಲ್ಲ" ಅಂದರು.

ಅಲ್ಲಿನ ತೋಳ 40 ಕಿಲೋ ತೂಗಿದರೆ ನಮ್ಮದು ಅದರ ಅರ್ಧ. ನಮ್ಮ ಬಯಲುಸೀಮೆಯ ತೋಳಕ್ಕೆ ಕೃಷ್ಣಮೃಗ ಇದ್ದಲ್ಲಿ ಅದು, ಇಲ್ಲದಿದ್ದರೆ ಮೊಲ, ಇಲಿ, ಮೇಕೆ, ಕುರಿ. ಬನ್ನೂರು ಕುರಿಯ ಗಿಡ್ಡ ಕಾಲು ನೋಡಿದ್ದೀರಲ್ಲ, ಅದು ಓಡಿ ತಪ್ಪಿಸಿಕೊಂಡ ಹಾಗೇ! ಗುಜರಾತಿನ ಬಯಲಲ್ಲಿ ತೋಳದ ಹಿಕ್ಕೆಯಲ್ಲಿ ಎಲಚಿ ಹಣ್ಣಿನ ಬೀಜ ಸಿಕ್ಕಿದೆ. ಅಮೆರಿಕದ ಮಿನ್ನೆಸೋಟಾದ ತೋಳಗಳು ಬೇಸಿಗೆಯಲ್ಲಿ ಬ್ಲೂಬೆರಿ ಹಣ್ಣು ತಿನ್ನುತ್ತವೆ. ಅದನ್ನೇ ಕಕ್ಕಿ ಮರಿಗಳಿಗೆ ತಿನ್ನಿಸಿದ್ದನ್ನೂ ನೋಡಿದವರಿದ್ದಾರೆ. ಮಾಂಸವನ್ನೂ ಹಾಗೇ ಹೊಟ್ಟೆಯಲ್ಲಿ ಹೊತ್ತು ತರುತ್ತವೆ. ಮರಿಗಳು ಬಾಯಿ ನೆಕ್ಕಿದರೆ ಕಕ್ಕುತ್ತವೆ. ದೊಡ್ಡ ತೋಳ ಒಂದೇ ಸಲಕ್ಕೆ 9 ಕಿಲೋವರೆಗೂ ನುಂಗಬಲ್ಲದು. ಅದನ್ನು ಹೊಟ್ಟೆಬಾಕತನ ಅಂತ ನಾನು ಒಪ್ಪುವುದಿಲ್ಲ. ಮುಂದಿನ ಊಟ ಯಾವತ್ತೋ ಗೊತ್ತಿಲ್ಲದವರು ಇನ್ನು ಹೇಗೆ ತಿಂತಾರೆ?

ಗುಂಪಿಗೆ ಒಬ್ಬ 'ಆಲ್ಫಾ' ಯಜಮಾನ, ಕಚ್ಚಾಡಿ ಗೆದ್ದು ಬಂದವನು ಅನ್ನೋ ಮಾತನ್ನು ಇವತ್ತಿಗೂ ಆಫೀಸ್ ತರಬೇತಿಗಳಲ್ಲಿ ಹೇಳುತ್ತಾರೆ. ಅದು ಬೇರೆ ಬೇರೆ ಕಡೆಯಿಂದ ತಂದು ಕೂಡಿಹಾಕಿದ ತೋಳಗಳನ್ನು ನೋಡಿ ಹುಟ್ಟಿದ ಮಾತು. ಕಾಡಲ್ಲಿ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಮೊದಲು ಆ ಮಾತನ್ನು ಹರಡಿದ್ದ ಮೀಚ್ ಅವರೇ 1999ರಲ್ಲಿ ಇದನ್ನು ತಿದ್ದಿ ಬರೆದರು.

ಅಷ್ಟರಲ್ಲಿ ಕಾಫಿ ತಂದ ದೊಡ್ಡಮ್ಮ ಅಲ್ಲೇ ಕೂತರು. "ಹಸಿವಿಗೆ ತಿಂತದೆ ಅಂತೀಯ. ಹಂಗಾರೆ ರೊಪ್ಪಕ್ಕೆ ನುಗ್ಗಿ ಏಳೆಂಟು ಕುರಿ ಯಾಕಪ್ಪ ಕೊಲ್ತದೆ? ತಿನ್ನೋದು ಒಂದು" ಅಂದರು. ಅವರ ಮಾವನ ಕಾಲದಲ್ಲಿ ಹಾಗೆ ಆಗಿತ್ತಂತೆ.

ನನಗೆ ತಿಳಿದಿದ್ದು ಹೇಳಿದೆ. ಬಯಲಲ್ಲಿ ಒಂದು ಬಿದ್ದರೆ ಉಳಿದವು ಚದುರಿ ಓಡುತ್ತವೆ, ಬೇಟೆ ಅಲ್ಲಿಗೆ ಮುಗಿಯಿತು. ರೊಪ್ಪದಲ್ಲಿ ಓಡೋಕೆ ದಾರಿ ಇಲ್ಲ. ಕುರಿಗಳು ಗಾಬರಿಯಲ್ಲಿ ತೋಳದ ಕಣ್ಣ ಮುಂದೆಯೇ ಸುತ್ತುತ್ತವೆ. ಓಡುವುದನ್ನು ಕಂಡರೆ ಹಿಡಿಯೋದು ಅದರ ಹುಟ್ಟುಗುಣ. ಯಾರೂ ಎಬ್ಬಿಸದಿದ್ದರೆ ಎಷ್ಟೋ ಸಲ ಮತ್ತೆ ಬಂದು ಉಳಿದದ್ದನ್ನೂ ತಿನ್ನುತ್ತದೆ.

"ಅದ್ರ ಹುಟ್ಟುಗುಣ ಅಂದ್ರೆ ನಮ್ಮ ಕುರಿ ವಾಪಸ್ ಬತ್ತವಾ?" ಅಂದರು ದೊಡ್ಡಮ್ಮ. ನಾನು ಕಾಫಿ ಕುಡಿದೆ.

ದೊಡ್ಡಪ್ಪನಿಗೆ ತೋಳದ ಮೇಲೆ ಅಷ್ಟು ಸಿಟ್ಟಿರಲಿಲ್ಲ. ಅವರ ತಲೆಯಲ್ಲಿ ಚಿರತೆಯೇ ಓಡುತ್ತಿತ್ತು. ಹೋದ ವರ್ಷ ಅದು ನಾಯಿಯನ್ನೇ ಎತ್ತಿಕೊಂಡು ಹೋಗಿದೆ. ಹೊರಡುವಾಗ ನನ್ನನ್ನು ಕರೆದು, "ಅಷ್ಟೆಲ್ಲಾ ಓದಿದ್ದೀಯ, ಒಂದು ಮುಧೋಳ ನಾಯಿಮರಿಗೆ ಏಟಾಯ್ತದೆ ಇಚಾರ್ಸು" ಅಂದರು. ಮುಧೋಳ ಓಡೋಕೆ, ಕುರಿ ಕಾಯೋಕಲ್ಲ ಅಂತ ಗೆಳೆಯ ಬಾಯಿ ಹಾಕಿದ. "ನಿಂಗೇನ್ಲಾ ಗೊತ್ತು" ಅಂತ ದೊಡ್ಡಪ್ಪ ಶುರು ಮಾಡಿದರು. ಬೈಕ್ ಸ್ಟಾರ್ಟ್ ಮಾಡಿದ ಮೇಲೂ ಇಬ್ಬರ ಜಗಳ ಮುಗಿದಿರಲಿಲ್ಲ.