ಜೋಡಿ ಚುಕ್ಕೆಗೆರೆಯ ದಾರಿ

2025ರ ಜುಲೈ 2ರಂದು ನಂದಿ ಬೆಟ್ಟದ ಮೇಲೆ ಸೇರಿದ್ದ ಸಚಿವ ಸಂಪುಟ ನಮ್ಮ ಜಿಲ್ಲೆಗೆ ಹೊಸ ಹೆಸರಿಡಲು ಒಪ್ಪಿತು. ಬೆಂಗಳೂರು ಗ್ರಾಮಾಂತರ ಹೋಗಿ ಬೆಂಗಳೂರು ಉತ್ತರ. ದೇವನಹಳ್ಳಿಯ ಟೀ ಅಂಗಡಿಯಲ್ಲಿ ಅವತ್ತು ಖುಷಿಪಟ್ಟವರೇ ಜಾಸ್ತಿ, ಸೈಟಿನ ರೇಟು ಏರುತ್ತೆ ಅನ್ನೋ ಲೆಕ್ಕ. ನನಗೆ ಮಾತ್ರ ‘ಗ್ರಾಮ’ ಅನ್ನೋ ಎರಡಕ್ಷರ ಬಿಟ್ಟುಹೋದದ್ದು ಹೊಟ್ಟೆಯೊಳಗೆ ಕಲಸಿದ ಹಾಗಾಯಿತು.

ನಾನು ಲೇಔಟ್ ನಕ್ಷೆ ಬರೆಯುವವನು. ಇಪ್ಪತ್ತು ವರ್ಷದಿಂದ ಇದೇ ಕಸುಬು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಕೈತುಂಬ ಕೆಲಸ ಬಂತು. ಮಗಳ ಓದು, ಅಪ್ಪನ ಆಪರೇಷನ್ನು ಎಲ್ಲಾ ಇದರಲ್ಲೇ ನಡೆದದ್ದು. ಹಾಗಾಗಿ ಊರು ಬೆಳೆಯಬಾರದು ಅಂತ ಹೇಳೋದಕ್ಕೆ ನಾನು ಬಂದಿಲ್ಲ. ನಮ್ಮ ಹುಡುಗರಿಗೂ ಮನೆ ಬೇಕು, ಕೆಲಸ ಬೇಕು. ಬೆಳೆಯುವಾಗ ಮೊದಲ ಗೆರೆ ಎಲ್ಲಿ ಎಳೀಬೇಕು ಅನ್ನೋದರ ಬಗ್ಗೆ ನನಗೊಂದು ಮಾತು ಹೇಳೋದಿದೆ.

ಹಳೇ ಗ್ರಾಮ ನಕ್ಷೆ ನೋಡಿದವರಿಗೆ ಗೊತ್ತಿರುತ್ತೆ. ಸರ್ವೆ ನಂಬರುಗಳ ನಡುವೆ ಜೋಡಿ ಚುಕ್ಕೆಗೆರೆ ಹರಿದಿರುತ್ತೆ, ಅದು ಬಂಡಿದಾರಿ. ಒಂಟಿ ಚುಕ್ಕೆಗೆರೆ ಕಾಲುದಾರಿ. ಕೆರೆ, ಕೆರೆಗೆ ನೀರು ತರುವ ಹಳ್ಳ, ಕೋಡಿಯಿಂದ ಮುಂದಿನ ಕೆರೆಗೆ ಹೋಗುವ ಕಾಲುವೆ, ಗುಂಡುತೋಪು, ಸ್ಮಶಾನ ಎಲ್ಲಾ ಅದರಲ್ಲಿವೆ. ಪಹಣಿಯಲ್ಲಿ ಇದರಲ್ಲಿ ಎಷ್ಟೋ ಭಾಗ ‘ಬಿ ಖರಾಬು’ ಅಂತ ಬರುತ್ತೆ. ಎ ಖರಾಬು ಅಂದರೆ ಬಂಡೆ, ದಿಣ್ಣೆ, ಉಳಲಾಗದ ಜಾಗ. ಬಿ ಖರಾಬು ಅಂದರೆ ಎಲ್ಲರ ಬಳಕೆಗೆ ಅಂತ ಬಿಟ್ಟದ್ದು. ಖರಾಬು ಅನ್ನೋ ಹೆಸರೇ ಅದಕ್ಕೆ ಶತ್ರು. ಜಮೀನು ಕೊಳ್ಳಲು ಬಂದವರು ಕೇಳಿದ ತಕ್ಷಣ ಕೆಲಸಕ್ಕೆ ಬಾರದ್ದು ಅಂದುಕೊಳ್ಳುತ್ತಾರೆ. ಊರು ಊರಾಗಿ ನಿಂತಿರೋದು ಅದರ ಮೇಲೇನೇ.

2012ರಲ್ಲಿ ಎಂಟು ಎಕರೆಯ ಒಂದು ಲೇಔಟ್ ನನ್ನ ಕೈಗೆ ಬಂತು. ನಡುವೆ ಬಂಡಿದಾರಿ. ಮಾಲೀಕರು, ‘ಇಲ್ಲಿ ಯಾರೂ ಓಡಾಡಲ್ಲ, ನಮ್ಮ ಒಳರಸ್ತೆಗೇ ಸೇರಿಸಿಬಿಡಿ’ ಅಂದರು. ಸೇರಿಸಿದೆ. ಕಾಗದದ ಮೇಲೆ ದಾರಿ ಉಳಿದಿತ್ತು, ಮೊದಲಿಗಿಂತ ಅಗಲವೂ ಆಗಿತ್ತು. ತಪ್ಪು ಅಂತ ಅನ್ನಿಸಲೇ ಇಲ್ಲ. ಎರಡು ವರ್ಷ ಬಿಟ್ಟು ಆ ಕಡೆ ಹೋದರೆ ಸುತ್ತ ಕಾಂಪೌಂಡು, ಕಬ್ಬಿಣದ ಗೇಟು, ಸೆಕ್ಯೂರಿಟಿಯವನು. ಗೇಟಿನ ಹೊರಗೆ ಒಬ್ಬ ಅಜ್ಜಿ ಎರಡು ಸೀಮೆಹಸು ಹಿಡಿದು ನಿಂತಿದ್ದರು. ಒಂದು ಹಸು ಗೇಟಿನ ಸರಳುಗಳ ಮಧ್ಯೆ ಮೂತಿ ತೂರಿಸಿ ಒಳಗಿನ ಹುಲ್ಲಿಗೆ ನಾಲಿಗೆ ಚಾಚುತ್ತಿತ್ತು. ಸರಳಿನ ಹಸಿರು ಬಣ್ಣ ಅದರ ಮೂತಿಗೆ ಹತ್ತಿತ್ತು. ಅಜ್ಜಿ ನನ್ನ ಗುರುತು ಹಿಡಿದರು.

‘ನೀನೇ ಅಲ್ವೇನಪ್ಪಾ ಅವತ್ತು ಟೇಪು ಹಿಡ್ಕೊಂಡು ಬಂದಿದ್ದೋನು? ಮಜ್ಜಿಗೆ ಕೊಟ್ಟಿದ್ನಲ್ಲ. ಈಗ ಹಸ ಎಲ್ಲಿಂದ ಹೊಡ್ಕೊಂಡು ಹೋಗ್ಲಿ, ಹೇಳು.’

‘ಸುತ್ತಿ ಹೋಗಬೇಕಾಗುತ್ತೆ ಅಜ್ಜಿ’ ಅಂದೆ. ಸುತ್ತು ಅಂದರೆ ಟಿಪ್ಪರ್ ಓಡುವ ಮೇನ್ ರೋಡು, ಎರಡು ಕಿಲೋಮೀಟರ್. ಮುಂದಿನ ವರ್ಷ ಅವರು ಹಸು ಮಾರಿದರು. ಡೇರಿಗೆ ಹಾಲು ಹಾಕೋದು ನಿಂತಿತು. ಆ ಮಜ್ಜಿಗೆಯ ಋಣ ನನ್ನ ಮೇಲೆ ಹಾಗೇ ಇದೆ.

ಅಲ್ಲಿಂದ ಮುಂದೆ ಆಗೋದನ್ನೂ ಹೇಳಬೇಕು. ಭೂಕಂದಾಯ ನಿಯಮದ ಪ್ರಕಾರ ನೂರು ಜಾನುವಾರಿಗೆ 12 ಹೆಕ್ಟೇರ್ ಗೋಮಾಳ, ಅಂದರೆ ದನ ಮೇಯೋದಕ್ಕೆ ಬಿಟ್ಟ ಜಾಗ, ಇರಬೇಕು. ದಾರಿ ಮುಚ್ಚಿದರೆ ಹಸು ಮಾರುತ್ತಾರೆ. ಹಸು ಕಡಿಮೆಯಾದರೆ ಗೋಮಾಳ ಲೆಕ್ಕಕ್ಕಿಂತ ಹೆಚ್ಚಾಗಿ ಕಾಣುತ್ತೆ. ಹೆಚ್ಚಾದದ್ದನ್ನು ಬೇರೆ ಕೆಲಸಕ್ಕೆ ಕೊಡುವ ಮಾತು ಏಳುತ್ತೆ. ಗೋಮಾಳ ಹೋದ ಮೇಲೆ ಉಳಿದ ಹಸುವೂ ಹೋಗುತ್ತೆ. ಇದೆಲ್ಲಾ ನಾನು ಕಾಗದದ ಮೇಲೆ ಎಳೆದ ಒಂದು ಗೆರೆಯಿಂದ ಶುರುವಾಗಬಹುದು ಅಂತ ನನಗೆ ಮೊದಲು ಯಾರೂ ಹೇಳಿರಲಿಲ್ಲ.

ಅದೇ 2025ರ ಜುಲೈ 15ರಂದು ನಮ್ಮ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1777 ಎಕರೆ ಭೂಸ್ವಾಧೀನವನ್ನು ಕೈಬಿಟ್ಟೆವು ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಹದಿಮೂರು ಹಳ್ಳಿಯ ಜನ ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದ್ದರು. ನನ್ನ ನೆಂಟರಲ್ಲೇ ದ್ರಾಕ್ಷಿ ತೋಟ, ಹಿಪ್ಪುನೇರಳೆ ಇಟ್ಟುಕೊಂಡವರಿದ್ದಾರೆ, ಅವತ್ತು ಅತ್ತುಬಿಟ್ಟರು. ಆದರೆ ಸ್ವಾಧೀನ ನಿಂತರೆ ಊರು ಉಳಿಯಿತು ಅಂತ ಸುಮ್ಮನೆ ಕೂರೋ ಹಾಗಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ 79ಎ, 79ಬಿ ಕಲಂ ಹೋದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಜಮೀನು ಒಟ್ಟಿಗೆ ಹೋದರೆ ಜನ ಸೇರುತ್ತಾರೆ, ಕೂಗುತ್ತಾರೆ. ಎರಡೆರಡು ಎಕರೆಯಾಗಿ ಹೋದರೆ ಯಾರಿಗೂ ಸದ್ದೇ ಕೇಳಿಸಲ್ಲ.

ನಮ್ಮ ತಾಲ್ಲೂಕಿನಲ್ಲೇ ನಲ್ಲೂರು ಹುಣಸೆ ತೋಪು ಇದೆ. ಸುಮಾರು 54 ಎಕರೆ. 2007ರಲ್ಲಿ ಅದನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ಹೋಗದವರು ಒಮ್ಮೆ ಹೋಗಿ ಬನ್ನಿ. ಪೊಟರೆ ಬಿದ್ದ ಬೊಡ್ಡೆಯೊಳಗೆ ಮಗು ನಿಲ್ಲಬಹುದು, ಮೇಲೆ ನೋಡಿದರೆ ಕೊಂಬೆ ತುಂಬ ಚಿಗುರು. ಅದು ಉಳಿದಿರೋದು ಕಾಗದದಲ್ಲಿ ಅದಕ್ಕೊಂದು ಹೆಸರು, ಒಂದು ಗಡಿ ಸಿಕ್ಕಿದ್ದರಿಂದ. ನಮ್ಮೂರಿನ ಎರಡು ಎಕರೆ ಗುಂಡುತೋಪಿಗೆ ಅಂಥ ಹೆಸರು ಯಾರು ಕೊಡುತ್ತಾರೆ? ನಾವೇ ಕೊಡಬೇಕು.

ಅದಕ್ಕೇ ಈ ಸಲದ ಗ್ರಾಮಸಭೆಗೆ ನಾನೊಂದು ಪಟ್ಟಿ ಮಾಡುತ್ತಿದ್ದೇನೆ. ಊರಿನ ಬಂಡಿದಾರಿ, ಕಾಲುವೆ, ತೋಪು, ಗೋಕಟ್ಟೆ ಇವುಗಳ ಸರ್ವೆ ನಂಬರು ಸಮೇತ ಪೂರಾ ಪಟ್ಟಿ. ಇವನ್ನು ಮುಟ್ಟಬಾರದು ಅಂತ ಸಭೆ ಠರಾವು ಮಾಡಲಿ. ಹೊಸ ಮನೆಗಳು ಗ್ರಾಮಠಾಣಕ್ಕೆ, ಅಂದರೆ ಈಗ ಊರಿನ ಮನೆಗಳಿರೋ ಜಾಗಕ್ಕೆ, ಅಂಟಿಕೊಂಡೇ ಬರಲಿ, ನಡು ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಬೇಡ. ಆಗ ಚರಂಡಿ, ನೀರು, ಬಸ್ಸು ಎಲ್ಲಾ ಸುಲಭ. 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯಲ್ಲಿ ಮಹಾಯೋಜನೆ (ಮಾಸ್ಟರ್ ಪ್ಲಾನ್) ಪ್ರಕಟವಾದ ಮೇಲೆ ಸಲಹೆ, ಆಕ್ಷೇಪಣೆಗೆ 60 ದಿನ ಇರುತ್ತೆ. ಆ ಅರವತ್ತು ದಿನದಲ್ಲಿ ಬರಿಗೈಯಲ್ಲಿ ಹೋಗಿ ‘ನಮ್ಮ ಊರು ಉಳಿಸಿ’ ಅಂದರೆ ಆಗಲ್ಲ, ಸರ್ವೆ ನಂಬರು ಹಿಡಿದು ಹೋಗಬೇಕು.

ಎರಡು ಭಾನುವಾರದಿಂದ ಪಂಚಾಯ್ತಿ ಸದಸ್ಯರೊಬ್ಬರು, ಡಿಗ್ರಿ ಓದುವ ಇಬ್ಬರು ಹುಡುಗರು ಮತ್ತು ನಾನು ಗ್ರಾಮ ನಕ್ಷೆ ಹಿಡಿದು ನಡೆಯುತ್ತಿದ್ದೇವೆ. ಹುಡುಗರ ಮೊಬೈಲಿನಲ್ಲಿ ದಿಶಾಂಕ್ ಆಪ್ ಇದೆ, ನಿಂತ ಜಾಗದ ಸರ್ವೆ ನಂಬರು ತೋರಿಸುತ್ತೆ. ಐದು ಬಂಡಿದಾರಿಗಳಲ್ಲಿ ಎರಡು ಪೂರ್ತಿ ಸಿಕ್ಕವು, ಒಂದು ಅರ್ಧ. ಹೋದ ವಾರ ಲಂಟಾನ ಪೊದೆಯ ಬುಡದಲ್ಲಿ ಮಣ್ಣು ಕೆರೆದಾಗ ಬಾಂದು ಕಲ್ಲು, ಅಂದರೆ ಸರ್ವೆಯ ಗಡಿಕಲ್ಲು, ಕಂಡಿತು. ಹುಡುಗರು ಅದರ ಮೇಲೆ ನೀರು ಸುರಿದು ಅಂಗೈಯಲ್ಲಿ ಉಜ್ಜಿದರು. ಆ ಇಬ್ಬರೂ ಹುಟ್ಟಿ ಬೆಳೆದದ್ದು ಇಲ್ಲೇ, ಬಾಂದು ಕಲ್ಲು ನೋಡಿದ್ದು ಅವತ್ತೇ ಮೊದಲು.

ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಅಶ್ವತ್ಥಕಟ್ಟೆ ಹತ್ತಿರ ಸೇರಿ ಕೋಡಿಯಿಂದ ಕೆಳಕ್ಕೆ ಕಾಲುವೆ ಹಿಡಿದು ಹೊರಡುತ್ತೇವೆ. ಬರುವವರು ಕುಡಿಯೋ ನೀರು, ಟೋಪಿ ತನ್ನಿ. ಆ ಕಡೆ ಈಗ ನೆರಳಿಲ್ಲ.