ಹದಿನಾರನೇ ದಿನ: ವಿಯೆನ್ನಾದ ನೀರು

2023 ಸೆಪ್ಟೆಂಬರ್ 10, ಭಾನುವಾರ
ಆಸ್ಟ್ರಿಯಾದ ಕ್ರೆಮ್ಸ್‌ನಿಂದ ವಿಯೆನ್ನಾ, ಡಾನ್ಯೂಬ್ ನದಿಯ ಜಾಡಿನಲ್ಲಿ ಸೈಕಲ್ ಮೇಲೆ 84 ಕಿ.ಮೀ. ಹೊರಟಲ್ಲಿಂದ ಒಟ್ಟು 921.

ಹಾಸ್ಟೆಲಿನ ಹಿತ್ತಿಲಲ್ಲಿ ಸೈಕಲ್ಲಿಗೆ ಬೀಗ ಹಾಕಿ, ಸ್ನಾನ ಮುಗಿಸಿ ಬರೆಯಲು ಕೂತಿದ್ದೇನೆ. ಕೂತಲ್ಲೇ ಕಾಲು ಇನ್ನೂ ಪೆಡಲ್ ತುಳಿಯುತ್ತಿರುವ ಹಾಗಿದೆ.

ಬೆಳಿಗ್ಗೆ ಕ್ರೆಮ್ಸ್ ಬಿಟ್ಟಾಗ ಡಾನ್ಯೂಬ್ ಮೇಲೆ ಮಂಜು. ಸೇತುವೆ ದಾಟಿ ದಕ್ಷಿಣದ ದಡ ಹಿಡಿದೆ. ದ್ರಾಕ್ಷಿ ತೋಟಗಳು ಹಿಂದಾದ ಮೇಲೆ ನೆಲ ತಟ್ಟೆಯಷ್ಟು ಸಮ. ಎಡಕ್ಕೆ ನದಿ, ಬಲಕ್ಕೆ ಹೊಲ, ನಡುವೆ ಟಾರು ಹಾಕಿದ ಏರಿ. ಟ್ಸ್ವೆಂಟೆನ್‌ಡಾರ್ಫ್ ಹತ್ತಿರ ಒಂದು ಅಣು ವಿದ್ಯುತ್ ಸ್ಥಾವರದ ಪಕ್ಕದಲ್ಲೇ ದಾರಿ ಹೋಗುತ್ತದೆ. ಪೂರ್ತಿ ಕಟ್ಟಿ ಮುಗಿಸಿದ ಮೇಲೆ, 1978ರ ನವೆಂಬರ್‌ನಲ್ಲಿ ಜನರ ಮತ ಕೇಳಿದರು. ಬೇಡ ಅಂದವರು ನೂರಕ್ಕೆ ಐವತ್ತಕ್ಕಿಂತ ಚೂರೇ ಹೆಚ್ಚು, ಆದರೂ ಬಹುಮತ. ಆ ಸ್ಥಾವರ ಒಂದು ದಿನವೂ ನಡೆಯಲಿಲ್ಲ. ಸೈಕಲ್ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದೆ. ಅಷ್ಟು ದೊಡ್ಡ ಕಟ್ಟಡದ ಸುತ್ತ ಹಕ್ಕಿಗಳದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಟುಲ್ನ್‌ನಲ್ಲಿ ಊಟ. ಭಾನುವಾರ ಇಲ್ಲಿ ಅಂಗಡಿಗಳಿಗೆ ಬಾಗಿಲು, ಸೂಪರ್ ಮಾರ್ಕೆಟ್ಟೂ ಇಲ್ಲ. ನಿನ್ನೆ ಕೊಂಡಿಟ್ಟಿದ್ದ ಬ್ರೆಡ್ಡಿಗೆ ಅಮ್ಮನ ಚಟ್ನಿಪುಡಿ ಉದುರಿಸಿಕೊಂಡು ನದಿಯ ಮೆಟ್ಟಿಲ ಮೇಲೆ ಕೂತು ತಿಂದೆ. ಬಿಸಿಲು ಜೋರಿತ್ತು. ಎರಡೂ ಬಾಟಲಿ ಅಲ್ಲೇ ಖಾಲಿ.

ಮಧ್ಯಾಹ್ನದ ಹೊತ್ತಿಗೆ ಬಲಗಡೆಯ ಗುಡ್ಡಗಳು ನದಿಗೆ ಒತ್ತಿಕೊಂಡು ಬಂದವು. ಆಲ್ಪ್ಸ್ ಸಾಲು ಪೂರ್ವದಲ್ಲಿ ಮುಗಿಯುವುದು ಇಲ್ಲೇ. ಕ್ಲೋಸ್ಟರ್‌ನಾಯ್‌ಬುರ್ಗ್‌ನ ಮಠದ ಗೋಪುರಗಳು ಕಂಡವು, ಲಿಯೊಪೋಲ್ಡ್‌ಸ್‌ಬೆರ್ಗ್ ಗುಡ್ಡದ ಬುಡದಲ್ಲಿ ನದಿ ಹೊರಳಿತು, ಎದುರಿಗೆ ಗಾಜಿನ ಎತ್ತರದ ಕಟ್ಟಡಗಳು. ವಿಯೆನ್ನಾ! ಜೋರಾಗಿ ಕೂಗಿಯೂಬಿಟ್ಟೆ. ಮುಂದೆ ಹೋಗುತ್ತಿದ್ದ ಅಜ್ಜ ತಿರುಗಿ ನೋಡಿ, ನನ್ನ ಚೀಲಗಳನ್ನು ನೋಡಿ, ಕೈ ಎತ್ತಿದರು.

ಆದರೆ ನದಿಯ ಜೊತೆಗೇ ಊರೊಳಗೆ ಹೋಗುತ್ತೇನೆ ಅಂದುಕೊಂಡಿದ್ದೆ, ಹಾಗಾಗಲಿಲ್ಲ. ಡಾನ್ಯೂಬ್ ಹಳೆಯ ಊರನ್ನು ಮುಟ್ಟದೆ ಪಕ್ಕದಲ್ಲಿ ಹಾದುಹೋಗುತ್ತದೆ. ನೂಸ್‌ಡಾರ್ಫ್‌ನಲ್ಲಿ, ವಾಸ್ತುಶಿಲ್ಪಿ ಒಟ್ಟೊ ವಾಗ್ನರ್ ಕಟ್ಟಿದ ಅಡ್ಡಗಟ್ಟೆಯ ಮೇಲೆ ಎರಡು ಸಿಂಹಗಳು ಕಾಯುತ್ತಿರುವಲ್ಲಿ, ಅದರ ಒಂದು ಕವಲು ಬೇರೆಯಾಗಿ ಊರೊಳಗೆ ಹೊರಡುತ್ತದೆ. ನದಿಯ ಹಳೆಯ ಕೈಯೇ ಅದು, ಈಗ ಕಾಲುವೆ. ಹದಿನಾರು ದಿನ ಜೊತೆಗಿದ್ದ ದೊಡ್ಡ ನದಿಯನ್ನು ಅಲ್ಲಿ ಬಿಟ್ಟು ಕವಲಿನ ಹಿಂದೆ ಹೊರಟಾಗ ಸಂಕಟವೇ ಆಯಿತು.

ಈ ನದಿಯ ಬೆನ್ನು ಹತ್ತಿದ್ದಕ್ಕೆ ಕಾರಣ ಇಲ್ಲಿ ಬರೆದಿರಲಿಲ್ಲ. ನಾನು ಮುಳಬಾಗಿಲು ಕಡೆಯವನು. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಪಾಲಾರ್ ಅಂದರೆ ನನಗೆ ಮರಳು, ಜಾಲಿ, ಒಂದು ಸೇತುವೆ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಬಂದದ್ದು ಫ್ಲೋರೈಡ್ ನೀರು. ಒಂದು ನದಿಯನ್ನು ಹುಟ್ಟಿದ ಕಡೆಯಿಂದ, ತುಂಬಿ ದೊಡ್ಡದಾಗುವ ತನಕ, ಪಕ್ಕದಲ್ಲೇ ಇದ್ದು ನೋಡಬೇಕೆಂಬ ಆಸೆ ಚಿಕ್ಕಂದಿನದು. ಅದಕ್ಕೇ ಜರ್ಮನಿಯ ಡೊನೌಎಶಿಂಗೆನ್‌ನಲ್ಲಿ, ಬ್ರಿಗಾಖ್ ಮತ್ತು ಬ್ರೆಗ್ ಎಂಬ ಎರಡು ಹೊಳೆ ಕೂಡಿ ಡಾನ್ಯೂಬ್ ಆಗುವ ಕಡೆಯಿಂದ ಹೊರಟೆ. ಎರಡನೇ ದಿನವೇ ಇಮ್ಮೆಂಡಿಂಗೆನ್ ಹತ್ತಿರ ನದಿ ಮಾಯ! ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ದೂರದ ಆಖ್ ಎಂಬಲ್ಲಿ ಬುಗ್ಗೆಯಾಗಿ ಎದ್ದು ರೈನ್ ನದಿಯ ಪಾಲಾಗುತ್ತದೆ. ಒಣಗಿದ ಆ ಬೆಣಚುಕಲ್ಲಿನ ಪಾತ್ರದಲ್ಲಿ ನಿಂತಾಗ ಪಾಲಾರಿನಲ್ಲೇ ನಿಂತ ಹಾಗಾಗಿ ಗಂಟಲು ಕಟ್ಟಿತ್ತು. ಕೆಳಗೆ ಬೇರೆ ಹೊಳೆಗಳು ಬಂದು ಸೇರಿ ಅದನ್ನು ಮತ್ತೆ ನದಿ ಮಾಡಿದವು.

ಕಾಲುವೆಯ ದಾರಿಯಲ್ಲಿ ಗೋಡೆ ತುಂಬ ಬಣ್ಣದ ಚಿತ್ರ, ದಡದ ಮೇಲೆ ಕಾಲು ಇಳಿಬಿಟ್ಟು ಕೂತ ಜನ. ಕಲಾವಿದ ಹುಂಡರ್ಟ್‌ವಾಸರ್ ಅಲಂಕರಿಸಿದ ಸ್ಪಿಟ್ಟೆಲಾವ್‌ನ ಕಸ ಸುಡುವ ಸ್ಥಾವರದ ಚಿಮಣಿಗೆ ಚಿನ್ನದ ಬಣ್ಣದ ಗುಂಡು. ಶ್ವೇಡನ್‌ಪ್ಲಾಟ್ಸ್‌ನಲ್ಲಿ ಮೇಲೆ ಹತ್ತಿದ್ದೇ ತಡ, ಟ್ರಾಮು, ಕಾರು, ಕುದುರೆ ಗಾಡಿ. ಮುಂದಿನ ಚಕ್ರ ಟ್ರಾಮ್ ಹಳಿಗೆ ಸಿಕ್ಕಿ ಸೈಕಲ್ ವಾಲಿತು, ಕಾಲೂರಿ ಉಳಿದುಕೊಂಡೆ. ಹಿಂದೆ ಬರುವವರಿಗೆ ಹೇಳುತ್ತೇನೆ: ಹಳಿಯನ್ನು ಅಡ್ಡಕ್ಕೇ ದಾಟಿ, ಓರೆಯಾಗಿ ಬೇಡ. ಭಾರ ಹೊತ್ತಾಗಲಂತೂ ಇಳಿದು ತಳ್ಳಿ.

ಕೈ ನಡುಗುತ್ತಿತ್ತು. ರಿಂಗ್ ರಸ್ತೆಯ ಪಕ್ಕ ಕುಡಿಯುವ ನೀರಿನ ನಲ್ಲಿಯೊಂದು ಕಂಡಿತು. ಮೊದಲು ಬೊಗಸೆಯಲ್ಲಿ ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ, ಔಷಧದ ವಾಸನೆಯಿಲ್ಲ. ಅದು ಆಲ್ಪ್ಸ್ ಬುಗ್ಗೆಗಳ ನೀರು. ಪಂಪಿನ ನೂಕಿಲ್ಲದೆ, ಇಳಿಜಾರಿನಲ್ಲೇ ಅಷ್ಟು ದೂರ ಹರಿದು ಬರುತ್ತದೆ. ಆ ನೀರು ತರುವ ಮೊದಲ ಕಾಲುವೆ 1873ರದ್ದು, ಎರಡನೆಯದು 1910ರದ್ದು. ಎರಡನೆಯದರ ಉದ್ದ 180 ಕಿ.ಮೀ., ನೀರು ಬರಲು ಒಂದೂವರೆ ದಿನ. ನಾವು ಬೆಂಗಳೂರಿಗೆ ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ, ಕುತುಬ್ ಮಿನಾರ್‌ನಂಥ ಆರೇಳನ್ನು ಒಂದರ ಮೇಲೊಂದು ಇಟ್ಟಷ್ಟು ಎತ್ತರ ಪಂಪಿನಲ್ಲಿ ಎತ್ತಿ ತರುತ್ತೇವೆ.

ಬೆಟ್ಟದ ನೀರು ಬರುವ ಮುಂಚೆ ವಿಯೆನ್ನಾ ಕೂಡ ಹೆಚ್ಚಾಗಿ ಕೊಳಕು ಬಾವಿಗಳ ನೀರೇ ಕುಡಿಯುತ್ತಿತ್ತು. ಟೈಫಾಯ್ಡ್, ಕಾಲರಾ. ಬೆಟ್ಟದ ನೀರನ್ನೇ ತರಬೇಕೆಂದು ಹಟ ಹಿಡಿದವರು ಭೂವಿಜ್ಞಾನಿ ಎಡ್ವರ್ಡ್ ಸೂಸ್. ನಮ್ಮ ಗೊಂಡರ ನಾಡಿನ ಹೆಸರನ್ನು ಎತ್ತಿಕೊಂಡು ಪುರಾತನ ಭೂಖಂಡಕ್ಕೆ ಗೊಂಡ್ವಾನಾಲ್ಯಾಂಡ್ ಎಂದು ಹೆಸರಿಟ್ಟವರೂ ಅವರೇ. ನಮ್ಮೂರ ಬಂಡೆಗಳೂ ಆ ಖಂಡದ ತುಂಡೇ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಹೆಸರಿನ ಮನುಷ್ಯ ಇವತ್ತು ನನಗೆ ನೀರು ಕೊಟ್ಟರು.

ಬಾಟಲಿ ತುಂಬಿಕೊಂಡು ಶ್ವಾರ್ಟ್ಸೆನ್‌ಬೆರ್ಗ್‌ಪ್ಲಾಟ್ಸ್‌ಗೆ ಹೋದೆ. ಮೊದಲ ಕಾಲುವೆಯ ನೀರು ಬಂದ ವರ್ಷ ಚಿಮ್ಮಿಸಿದ ಕಾರಂಜಿ ಅಲ್ಲಿದೆ. ಅದರ ಅಂಚಿನಲ್ಲಿ ಕೂತು ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಊರಲ್ಲಿ ರಾತ್ರಿ ಹತ್ತೂವರೆ, ಎದ್ದೇ ಇದ್ದಳು. ಕ್ಯಾಮೆರಾ ತಿರುಗಿಸಿ ಕಾರಂಜಿ ತೋರಿಸಿದೆ, ಅರಮನೆಗಳನ್ನು ತೋರಿಸಿದೆ. ನಲ್ಲಿಯ ವಿಷಯ ಹೇಳಿದ್ದಕ್ಕೆ ಒಂದೇ ಮಾತು ಕೇಳಿದಳು:

"ಸೀ ನೀರಾ, ಉಪ್ಪು ನೀರಾ?"

"ಸೀ ನೀರು ಕಣಮ್ಮ."

"ಇನ್ನೊಂದು ಬಾಟಲಿ ತುಂಬ್ಕೊ."

ತುಂಬಿಕೊಂಡು ಬಂದಿದ್ದೇನೆ, ಎರಡೂ ಕಿಟಕಿಯ ಮೇಲಿವೆ. ನಾಳೆ ಬ್ರೇಕ್ ಪ್ಯಾಡ್ ಬದಲಿಸಬೇಕು. ಮಂಗಳವಾರ ಬ್ರಾಟಿಸ್ಲಾವಾ ಕಡೆಗೆ, ಮತ್ತೆ ದೊಡ್ಡ ನದಿಯ ಪಕ್ಕ.